ಕಾವು ಕೋಣೆಯ ಬಾಗಿಲು

ಅಕ್ಕ ಕಾವು ಕೋಣೆಯ ಕೆಲಸ ಮುಗಿಸಿ ಮುಂದಿನ ಕೋಣೆಗೆ ಬಂದಳು. ಕೈ ತೊಳೆದು, ಟವೆಲಿಗೆ ಒರೆಸಿಕೊಂಡು, ಕಿಟಕಿಯ ಕಟ್ಟೆಯ ಮೇಲಿಟ್ಟಿದ್ದ ಫೋನನ್ನು ಎತ್ತಿಕೊಂಡಳು. ನೋಡಿದರೆ ಮತ್ತೆ ಅದೇ ಸಂದೇಶ.

"ಬಾಗಿಲು ತೆರೆದಿದೆ. ಒಳಗೆ ಯಾರೂ ಇಲ್ಲ."

ಫೋನನ್ನು ಅಲ್ಲೇ ಕುಕ್ಕಿ, ಚಪ್ಪಲಿಯನ್ನೂ ಬದಲಿಸದೆ ವಾಪಸು ಓಡಿದಳು. ಬಾಗಿಲು ಭದ್ರವಾಗಿ ಮುಚ್ಚಿತ್ತು. ಹಿಡಿ ಎಳೆದು ನೋಡಿದಳು, ಭುಜ ಕೊಟ್ಟು ತಳ್ಳಿ ನೋಡಿದಳು. ಒಳಗೆ ಫ್ಯಾನುಗಳು ಎಂದಿನಂತೆ ಗುಂಯ್‌ಗುಡುತ್ತಿದ್ದವು. ಗಾಜಿನ ಕಿಂಡಿಯಲ್ಲಿ ಇಣುಕಿದರೆ ಮೊಟ್ಟೆಗಳು ತಟ್ಟೆಗಳಲ್ಲಿ ಸಾಲಾಗಿ, ಏನೂ ಆಗಿಲ್ಲವೆಂಬಂತೆ ಬೆಚ್ಚಗೆ ಕೂತಿದ್ದವು.

ಹಾಗಾದರೆ ಬಾಗಿಲು ತೆರೆದಿಟ್ಟು ತಾನು ಹೋದದ್ದು ಯಾವಾಗ? ವಾಪಸು ಬಂದು ಮುಚ್ಚಿದ್ದು ಯಾವಾಗ? ತಳ್ಳುಗಾಡಿಯನ್ನು ಹೊಸ್ತಿಲ ತನಕ ತಳ್ಳಿದ್ದು ನೆನಪಿತ್ತು. ತಟ್ಟೆಗಳನ್ನು ಒಂದೊಂದಾಗಿ ಎತ್ತಿ ಇಟ್ಟದ್ದು, ಗಾಡಿಯನ್ನು ಹೊರಗೆಳೆದು ಬಾಗಿಲು ಹಾಕಿದ್ದು ನೆನಪಿತ್ತು. ನಡುವೆ ಒಂದು ಸಲವಾದರೂ ಕೋಣೆ ಬಿಟ್ಟು ಕದಲಿದ ನೆನಪು ಮಾತ್ರ ಇರಲಿಲ್ಲ. ಆದರೆ ಒಳಗೆ ಯಾರೂ ಇಲ್ಲ ಎಂದು ಗೋಡೆಗೆ ಜೋಡಿಸಿದ ಯಂತ್ರದ ಕಣ್ಣು ಹೇಳುತ್ತಿದೆ. ಅದಕ್ಕೇನು ತನ್ನ ಮೇಲೆ ಹಗೆಯೇ, ಸುಳ್ಳು ಹೇಳಲಿಕ್ಕೆ?

ಇದು ಮೊದಲ ಸಲವಾಗಿದ್ದರೆ ಅಕ್ಕ ತಲೆ ಕೊಡವಿ ಸುಮ್ಮನಾಗುತ್ತಿದ್ದಳು. ಆದರೆ ಕಳೆದ ಕೆಲವು ವಾರಗಳಿಂದ ಇದು ಆಗುತ್ತಲೇ ಇತ್ತು. ಅವಳು ಯಾರಿಗೂ ಹೇಳಿರಲಿಲ್ಲ. ಹೇಳುವುದು ಹೇಗೆ? ಹೇಳಿಬಿಟ್ಟರೆ ಅದು ನಿಜವಾಗಿಬಿಡುತ್ತದೆ.

ಅವಳನ್ನು ಬೀದಿಗೆ ಬೀದಿಯೇ ಅಕ್ಕ ಎಂದು ಕರೆಯುತ್ತಿತ್ತು. ಮನೆಯ ಹಿಂದಿನ ಉದ್ದನೆಯ ಕಟ್ಟಡದಲ್ಲಿ ಗಂಡ ಹೆಂಡತಿ ಇಬ್ಬರೂ ಸೇರಿ ಕೋಳಿ ಮೊಟ್ಟೆಗೆ ಕಾವು ಕೊಟ್ಟು ಮರಿ ಮಾಡುವ ಕಸುಬು ನಡೆಸುತ್ತಿದ್ದರು. ಗಂಡನದು ಹೊರಗಿನ ಕೆಲಸ. ಸಾಕಣೆಯವರ ಹತ್ತಿರ ಮೊಟ್ಟೆ ತರುವುದು, ಮರಿಗಳನ್ನು ಗೂಡುಪೆಟ್ಟಿಗೆಯಲ್ಲಿ ತುಂಬಿ ಕೊಟ್ಟುಬರುವುದು. ಒಳಗಿನದೆಲ್ಲ ಅಕ್ಕನ ರಾಜ್ಯ. ಮೊಟ್ಟೆಯನ್ನು ದೀಪಕ್ಕೆ ಹಿಡಿದು, ಒಳಗೆ ಕೆಂಪು ನರಗಳ ಬಲೆ ಹೆಣೆದುಕೊಂಡಿದೆಯೇ ಇಲ್ಲವೇ ಎಂದು ಒಂದೇ ನೋಟಕ್ಕೆ ಹೇಳುತ್ತಿದ್ದಳು. ಜೀವವಿಲ್ಲದ್ದು ಪಕ್ಕದ ಬುಟ್ಟಿಗೆ, ಜೀವವಿರುವುದು ವಾಪಸು ತಟ್ಟೆಗೆ. ಕಾವು ಮುಗಿಯುತ್ತಾ ಬಂದ ಮೊಟ್ಟೆಗಳನ್ನು ಪಕ್ಕದ ಮರಿ ಕೋಣೆಗೆ ಸಾಗಿಸುತ್ತಿದ್ದಳು. ಅಂಥ ದಿನ ಮಾತ್ರ ತಳ್ಳುಗಾಡಿ ಹೊಸ್ತಿಲಲ್ಲಿ ನಿಂತಿರುತ್ತಿತ್ತು, ಬಾಗಿಲು ಅದಕ್ಕೆ ಆತುಕೊಂಡು ತೆರೆದೇ ಇರುತ್ತಿತ್ತು. ಉಳಿದ ದಿನ ಒಳಗೆ ಹೋದ ಕೂಡಲೇ ಬಾಗಿಲು ಹಾಕಿಕೊಳ್ಳುವಳು. ಹೊರಗಿನ ಕೊಳೆ ಒಳಗೆ ಹೋಗಬಾರದೆಂದು ಚಪ್ಪಲಿ ಬೇರೆ, ಅಂಗಿ ಬೇರೆ. ಫೋನಂತೂ ಕೋಣೆಯೊಳಗೆ ಸುಳಿಯುವಂತಿರಲಿಲ್ಲ, ಕಿಟಕಿಯ ಕಟ್ಟೆಯ ಮೇಲೇ ಇರುತ್ತಿದ್ದ ಅದರ ಸದ್ದು ಫ್ಯಾನುಗಳ ಗದ್ದಲದಲ್ಲಿ ಒಳಗೆ ಕೇಳಿಸುತ್ತಲೂ ಇರಲಿಲ್ಲ.

ಕಾವು ಕೋಣೆಗೆ ಈ ಕಾವಲು ಏರ್ಪಾಡು ಮಾಡಿಕೊಟ್ಟವಳು ಅಕ್ಕನ ತಂಗಿ. ಅವಳು ಕಾಲೇಜೊಂದರಲ್ಲಿ ಪ್ರೋಗ್ರಾಮಿಂಗ್ ಪಾಠ ಹೇಳುತ್ತಿದ್ದಳು. ಇಷ್ಟು ವಯಸ್ಸಾದರೂ ಅಕ್ಕನ ಬಾಯಲ್ಲಿ ಅವಳಿನ್ನೂ ಪುಟ್ಟಿಯೇ. ಕಳೆದ ರಜೆಯಲ್ಲಿ ಬಂದವಳು ಬಾಗಿಲ ಚೌಕಟ್ಟಿಗೆ ಸಣ್ಣದೊಂದು ಸ್ವಿಚ್ಚು, ತಟ್ಟೆಗಳ ನಡುವೆ ಬಿಸಿ ಅಳೆಯುವ ಕಡ್ಡಿ, ಗೋಡೆಯ ಮೂಲೆಯಲ್ಲಿ ಆಳಿನ ಓಡಾಟ ಗುರುತಿಸುವ ಹೆಬ್ಬೆರಳ ಗಾತ್ರದ ಕಣ್ಣು, ಇಷ್ಟನ್ನೂ ಜೋಡಿಸಿದ್ದಳು. ಅವುಗಳಿಂದ ಬಂದ ಸುದ್ದಿಯನ್ನು ತೂಗಿನೋಡಿ ಫೋನಿಗೆ ಸಂದೇಶ ಕಳಿಸುವ ಪ್ರೋಗ್ರಾಮನ್ನೂ ತಾನೇ ಬರೆದಿದ್ದಳು.

"ಒಳಗೆ ಯಾರಾದ್ರೂ ಇದ್ರೆ ಇದು ಸುಮ್ನೆ ಇರುತ್ತೆ ಅಕ್ಕಾ. ಯಾರೂ ಇಲ್ದೇ ಇದ್ದಾಗ ಬಾಗಿಲು ತೆರೆದಿದ್ರೆ, ಅಥವಾ ಕೋಣೆ ತಣ್ಣಗಾಗ್ತಾ ಇದ್ರೆ, ಆಗ ಮಾತ್ರ ಹೇಳುತ್ತೆ. ಸುಮ್ ಸುಮ್ನೆ ಪ್ರಾಣ ತಿನ್ನಲ್ಲ," ಎಂದು ತಿಳಿಸಿ ಹೇಳಿದ್ದಳು.

ಅವಳ ಮಾತಿಗೆ ತಕ್ಕ ಹಾಗೆ, ಜೋಡಿಸಿದ ಹೊಸತರಲ್ಲೇ ಅದು ಒಂದು ದೊಡ್ಡ ಅನಾಹುತ ತಪ್ಪಿಸಿತ್ತು. ಗೇಟಿನ ಹತ್ತಿರ ಯಾರೋ ಕೂಗಿದರೆಂದು ಅಕ್ಕ ನಿಜವಾಗಿಯೂ ಬಾಗಿಲನ್ನು ಓರೆ ಮಾಡಿ ಹೋಗಿ, ಬಂದವರ ಜೊತೆ ಮಾತಿಗೆ ನಿಂತುಬಿಟ್ಟಿದ್ದಳು. ಹೋಗುವಾಗ ಎತ್ತಿಕೊಂಡಿದ್ದ ಫೋನಿಗೆ ಸಂದೇಶ ಬಂದಿತು, ಓಡಿ ಬಂದು ಮುಚ್ಚಿದಳು. ಅಂದಿನಿಂದ ಆ ಪುಟ್ಟ ಕಣ್ಣಿನ ಮೇಲೆ ಅವಳಿಗೆ ಪೂರ್ತಿ ನಂಬಿಕೆ. ಅದೇ ಕಣ್ಣು ಈಗ, ನೀನು ಅಲ್ಲಿರಲಿಲ್ಲ ಎನ್ನುತ್ತಿದೆ.

ತಾನು ಇದ್ದೆ ಎಂದು ಅವಳಿಗೆ ಖಂಡಿತವಾಗಿ ಅನಿಸುತ್ತಿತ್ತು. ಅವಳನ್ನು ಹೆದರಿಸಿದ್ದೂ ಅದೇ.

ಏಕೆಂದರೆ ಅಮ್ಮನಿಗೂ ಹಾಗೇ ಖಂಡಿತವಾಗಿ ಅನಿಸುತ್ತಿತ್ತು. ಅಮ್ಮ ಹೊಲಿಗೆಯವಳು. ಮರೆವು ಹತ್ತಿದ ಮೊದಲ ದಿನಗಳಲ್ಲಿ ಒಂದೇ ಅಂಗಿಗೆ ಮೂರನೆಯ ತೋಳು ಹೊಲಿದು ಕೂತಿದ್ದಳು. "ಇದೇನಮ್ಮ" ಎಂದು ಕೇಳಿದರೆ, "ನಾನೆಲ್ಲಿ ಹೊಲಿದೆ, ಬೆಳಗ್ಗಿಂದ ನಾನು ಅಡುಗೆಮನೇಲೇ ಇದ್ದೆ" ಎಂದು ಸಾಧಿಸಿದ್ದಳು. ಅವಳ ಮುಖದಲ್ಲಿ ಸುಳ್ಳಿನ ಎಳೆಯೂ ಇರಲಿಲ್ಲ. ಆಮೇಲೆ ಎಷ್ಟೋ ವರ್ಷ ಅಕ್ಕ ತಂಗಿ ಇಬ್ಬರೂ ಸರದಿಯ ಮೇಲೆ ಅವಳನ್ನು ನೋಡಿಕೊಂಡಿದ್ದರು. ಕೊನೆಕೊನೆಗೆ ಅಮ್ಮ ಪುಟ್ಟಿಯನ್ನು "ನೀವು ಯಾರ ಮನೆಯವರು" ಎಂದು ಮರ್ಯಾದೆಯಿಂದ ಕೇಳುತ್ತಿದ್ದಳು. ಮನುಷ್ಯರು ಎಷ್ಟು ಖಾತ್ರಿಯಿಂದ ತಪ್ಪಾಗಿರಬಹುದೆಂದು ಅಕ್ಕ ಅಲ್ಲಿ ಕಣ್ಣಾರೆ ಕಂಡಿದ್ದಳು. ಹಾಗಾಗಿ ತನ್ನ ಖಾತ್ರಿಗೆ ಅವಳು ಈಗ ಕವಡೆಯಷ್ಟೂ ಬೆಲೆ ಕೊಡಲಿಲ್ಲ.

ಒಮ್ಮೆ ಅನುಮಾನ ಹೊಕ್ಕ ಮೇಲೆ ಸಾಕ್ಷಿಗಳಿಗೇನು ಬರ. ಹಾಲಿನ ಪಾತ್ರೆಯನ್ನು ಕಟ್ಟೆಯ ಮೇಲೆ ಬಿಟ್ಟಿದ್ದೆ ಎಂದುಕೊಂಡು ಹೋದರೆ ಅದು ಫ್ರಿಜ್ಜಿನಲ್ಲಿರುತ್ತಿತ್ತು. ಹಿತ್ತಲ ಚಿಲಕ ಹಾಕಿಲ್ಲ ಎಂದುಕೊಂಡರೆ ಹಾಕಿರುತ್ತಿತ್ತು. ಇವನ್ನೆಲ್ಲ ತಾನೇ ಮಾಡಿ ತಾನೇ ಮರೆಯುತ್ತಿದ್ದೇನೆ ಎಂದು ಅವಳು ತೀರ್ಮಾನಕ್ಕೆ ಬಂದಳು. ಪಾತ್ರೆ ತೊಳೆಯುತ್ತಾ ತನ್ನಷ್ಟಕ್ಕೆ ನೆಂಟರ ಹೆಸರುಗಳನ್ನು, ಮಗ್ಗಿಯನ್ನು, ಶಾಲೆಯಲ್ಲಿ ತನ್ನ ಬೆಂಚಿನಲ್ಲಿ ಕೂರುತ್ತಿದ್ದವರನ್ನು ಒಪ್ಪಿಸಿಕೊಳ್ಳತೊಡಗಿದಳು. ಬೆಂಚಿನ ಆ ತುದಿಯಲ್ಲಿ ಕೂರುತ್ತಿದ್ದ ಉದ್ದ ಜಡೆಯವಳ ಹೆಸರು ಒಂದು ಮಧ್ಯಾಹ್ನ ಎಷ್ಟು ತಿಣುಕಿದರೂ ಬರಲಿಲ್ಲ. ಅಕ್ಕ ನಲ್ಲಿ ನಿಲ್ಲಿಸಿ ಅಲ್ಲೇ ಅತ್ತಳು.

ಗಂಡ ಒಂದೆರಡು ಸಲ ಮುಖ ನೋಡಿ, "ಯಾಕೆ ಒಂಥರಾ ಇದೀಯ, ಮೈ ಸರಿ ಇಲ್ವಾ?" ಎಂದು ಕೇಳಿದ.

"ಏನಿಲ್ಲ ರೀ, ನಿದ್ದೆ ಸಾಲ್ತಿಲ್ಲ."

ಅವನು ಹೆಚ್ಚು ಕೆದಕುವ ಪೈಕಿಯಲ್ಲ. ಹೂಂ ಎಂದು ವ್ಯಾನಿನ ಕೀ ತೆಗೆದುಕೊಂಡು ಹೊರಟುಬಿಟ್ಟ.

ಈ ಸಲದ ಸಂದೇಶ ನೋಡಿದ ಮೇಲೆ ಅಕ್ಕ ಗಟ್ಟಿ ಮನಸ್ಸು ಮಾಡಿದಳು. ಮೊದಲು ಮರೆವಿನ ಕಾಯಿಲೆ ನೋಡುವ ಡಾಕ್ಟರ ಆಸ್ಪತ್ರೆಗೆ ಫೋನು ಮಾಡಿ ಹೊತ್ತು ಗೊತ್ತುಮಾಡಿಕೊಂಡಳು. ಆಮೇಲೆ ತಂಗಿಗೆ ಫೋನು ಮಾಡಿದಳು.

"ಪುಟ್ಟಿ, ಒಂದ್ಸಲ ಬಂದು ಹೋಗೇ. ಮಾತಾಡೋದಿದೆ."

ಎಂದಿನಂತೆ ಏನು, ಯಾಕೆ, ಈಗಲೇ ಹೇಳು ಎಂದು ತಂಗಿ ಪ್ರಾಣ ಹಿಂಡಲಿಲ್ಲ. "ನಾಳೆ ಬೆಳಗ್ಗೆ ಬಸ್ಸಿಗೆ ಬರ್ತೀನಿ," ಎಂದಷ್ಟೇ ಹೇಳಿದಳು. ಆ ಸುಮ್ಮನಿರುವಿಕೆ ಅಕ್ಕನಿಗೆ ಇನ್ನಷ್ಟು ಕಸಿವಿಸಿ ತಂದಿತು.

ಮರುದಿನ ಗಂಡ ಮೊಟ್ಟೆ ತರಲು ಹೋದ ಮೇಲೆ ತಂಗಿ ಬಂದಳು. ಹೆಗಲಲ್ಲಿ ಲ್ಯಾಪ್‌ಟಾಪಿನ ಚೀಲ, ಕಣ್ಣ ಕೆಳಗೆ ನಿದ್ದೆಗೆಟ್ಟ ಗುರುತು. ಇಬ್ಬರೂ ಅಡುಗೆಮನೆಯ ಮೇಜಿನ ಆಚೆ ಈಚೆ ಕೂತರು. ಟೀ ಆರುತ್ತಿತ್ತು, ಯಾರೂ ಲೋಟ ಮುಟ್ಟಲಿಲ್ಲ. ಕೊನೆಗೆ ಅಕ್ಕ ಕೊರಳಲ್ಲಿದ್ದ ಕಾವು ಕೋಣೆಯ ಬೀಗದ ಕೈಯನ್ನು ದಾರದ ಸಮೇತ ತೆಗೆದು ಮೇಜಿನ ಮೇಲಿಟ್ಟಳು.

"ಇದನ್ನ ನಿಮ್ಮ ಭಾವನಿಗೆ ನೀನೇ ಕೊಡು. ಬೇರೆ ಯಾರನ್ನಾದ್ರೂ ಕೆಲಸಕ್ಕೆ ನೋಡೋಕೆ ಹೇಳು. ನನ್ನ ಬಾಯಲ್ಲಿ ಹೇಳೋಕೆ ಆಗಲ್ಲ."

"ಏನಾಯ್ತಕ್ಕಾ?"

"ನಂಗೆ ಅಮ್ಮನ ಹಾಗೆ ಆಗ್ತಿದೆ ಪುಟ್ಟಿ."

ತಂಗಿ ತಲೆ ತಗ್ಗಿಸಿದಳು. "ಏನಿಲ್ಲ ಬಿಡು, ಹುಚ್ಚಿ" ಎನ್ನುತ್ತಾಳೆಂದು ಅಕ್ಕನ ಮನಸ್ಸಿನ ಒಂದು ಮೂಲೆ ಕಾಯುತ್ತಿತ್ತು. ಅವಳು ಹಾಗೆನ್ನಲಿಲ್ಲ.

"ನಂಗೂ ಬರುತ್ತೆ ಅಕ್ಕಾ ಆ ಸಂದೇಶಗಳು," ಎಂದಳು ಮೆಲ್ಲಗೆ. "ಸರಿಯಾಗಿ ನಡೀತಿದೆಯಾ ನೋಡೋಣ ಅಂತ ನನ್ನ ಫೋನಿಗೂ ಒಂದು ಪ್ರತಿ ಬರೋ ಹಾಗೆ ಇಟ್ಕೊಂಡಿದ್ದೆ. ಮೊದಮೊದಲು ಕೆಲಸದ ಗಡಿಬಿಡಿ ಇರಬೇಕು ಅನ್ಕೊಂಡೆ. ಆಮೇಲೆ ಜಾಸ್ತಿ ಆಯ್ತು. ನಿನ್ನ ಕೇಳೋಕೆ ಧೈರ್ಯ ಬರ್ಲಿಲ್ಲ."

ಇಷ್ಟು ದಿನ ಅಕ್ಕ ತಾನೊಬ್ಬಳೇ ಹೊತ್ತದ್ದೆಂದುಕೊಂಡ ಭಯವನ್ನು ತಂಗಿಯೂ ಅಲ್ಲಿ ಕೂತು ಹೊತ್ತಿದ್ದಳು. ಅದು ಸಮಾಧಾನ ತರಲಿಲ್ಲ. ಇನ್ನೊಬ್ಬರಿಗೂ ಕಂಡಿದೆ ಎಂದರೆ ಕಾಯಿಲೆ ನಿಜವೇ.

ಆಮೇಲೆ ತಂಗಿ ಮೂಗು ಒರೆಸಿಕೊಂಡು, ಬೀಗದ ಕೈಯನ್ನು ಅಕ್ಕನ ಕಡೆಗೇ ವಾಪಸು ಸರಿಸಿದಳು.

"ಕೆಲಸ ಬಿಡೋ ಮಾತು ಈಗಲೇ ಬೇಡ. ನೀನು ಹೇಗೆ ಕೆಲಸ ಮಾಡ್ತೀಯ ಅಂತ ಒಂದ್ಸಲ ಕೂತು ನೋಡ್ತೀನಿ. ಎಲ್ಲಿ ತಪ್ಪುತ್ತೆ ಗೊತ್ತಾದ್ರೆ ಅಲ್ಲೊಂದು ಬೆಲ್ ಹಾಕೋಣ, ಅಥವಾ ಬಾಗಿಲು ತಾನಾಗೇ ಮುಚ್ಚಿಕೊಳ್ಳೋ ಹಾಗೆ ಮಾಡೋಣ. ಇವತ್ತು ಮೊಟ್ಟೆ ಸಾಗಿಸೋದಿದೆಯಾ?"

"ಇದೆ. ಎರಡು ಸಾಲು ಮರಿ ಕೋಣೆಗೆ ಹೋಗ್ಬೇಕು."

"ಹಾಗಾದ್ರೆ ನಡಿ. ನಾನಿದೀನಿ ಅಂತ ಮರೆತು ನಿನ್ನ ಪಾಡಿಗೆ ನೀನು ಮಾಡು."

"ಮರೆಯೋದೊಂದು ಹೇಳಿಕೊಡಬೇಕಾಗಿಲ್ಲ ನಂಗೆ," ಎಂದಳು ಅಕ್ಕ. ಇಬ್ಬರಿಗೂ ನಗು ಬರಲಿಲ್ಲ.

ತಂಗಿ ಮುಂದಿನ ಕೋಣೆಯಲ್ಲಿ ಸ್ಟೂಲು ಹಾಕಿಕೊಂಡು, ಲ್ಯಾಪ್‌ಟಾಪನ್ನು ಖಾಲಿ ತಟ್ಟೆಗಳ ಅಟ್ಟಿಯ ಮೇಲಿಟ್ಟುಕೊಂಡು ಕೂತಳು. ಪಕ್ಕದಲ್ಲಿ, ಸದ್ದು ಜೋರು ಮಾಡಿಟ್ಟ ಇಬ್ಬರ ಫೋನುಗಳೂ ಇದ್ದವು. ಅಕ್ಕ ಅಂಗಿ ಬದಲಿಸಿ, ಚಪ್ಪಲಿ ಬದಲಿಸಿ, ತಳ್ಳುಗಾಡಿಯನ್ನು ಹೊಸ್ತಿಲಿಗೆ ತಂದು ನಿಲ್ಲಿಸಿದಳು. ಬಾಗಿಲು ಗಾಡಿಗೆ ಆತುಕೊಂಡಿತು. ಬೆಚ್ಚನೆಯ ಗಾಳಿ ಮುಖಕ್ಕೆ ಬಡಿಯಿತು. ಅವಳು ಒಳಗೆ ಹೋಗಿ ಮೇಲಿನ ತಟ್ಟೆಯಿಂದ ಶುರುಮಾಡಿದಳು. ಕೈಗಳಿಗೆ ತಮ್ಮ ಕೆಲಸ ಗೊತ್ತಿತ್ತು, ಅವು ಅವಳನ್ನು ಕೇಳದೆಯೇ ನಡೆಸಿಕೊಂಡು ಹೋದವು. ತಟ್ಟೆ ಎತ್ತು, ಅಲುಗಿಸದೆ ತಿರುಗು, ಗಾಡಿಯ ಮೇಲೆ ಇಡು.

ಹೊರಗೆ ಫೋನು ಸದ್ದು ಮಾಡಿತು. ಬೆನ್ನಿಗೇ ಇನ್ನೊಂದು ಫೋನೂ ಸದ್ದು ಮಾಡಿತು.

ಅಕ್ಕ ತಟ್ಟೆ ಹಿಡಿದುಕೊಂಡೇ ನಿಂತಳು. "ಯಾರದು?"

ತಂಗಿ ಫೋನನ್ನು ನೋಡಿದಳು, ಅಕ್ಕನನ್ನು ನೋಡಿದಳು, ಮತ್ತೆ ಫೋನನ್ನು ನೋಡಿದಳು.

"ಅಕ್ಕಾ, ನೀನೀಗ ಎಲ್ಲಿದೀಯ?"

"ಇದೇನು ಪ್ರಶ್ನೆ? ಕಾಣಲ್ವಾ, ಇಲ್ಲೇ ಇದೀನಲ್ಲ."

"ಎಲ್ಲಿಗಾದ್ರೂ ಹೋಗಿದ್ಯಾ?"

ಈಗಲೂ, ತಂಗಿಯ ಕಣ್ಣೆದುರೇ, ತಾನು ಎಲ್ಲೋ ಹೋಗಿ ಬಂದು ಮರೆತೆನೇ? "ಹೋಗಿದ್ನಾ?" ಎಂದು ಅಕ್ಕ ಅವಳನ್ನೇ ಕೇಳಿದಳು.

"ಇಲ್ಲ," ಎಂದಳು ತಂಗಿ. "ಎಲ್ಲೂ ಹೋಗಿಲ್ಲ. ನಾನು ರೆಪ್ಪೆ ಮಿಟುಕಿಸದೆ ನಿನ್ನ ಬೆನ್ನೇ ನೋಡ್ತಾ ಕೂತಿದೀನಿ. ಇದು ನೋಡಿದ್ರೆ ಒಳಗೆ ಯಾರೂ ಇಲ್ಲ ಅನ್ನುತ್ತೆ."

ಅಕ್ಕ ತಟ್ಟೆಯನ್ನು ಗಾಡಿಯ ಮೇಲೆ ಇಟ್ಟಳು. ಎಂಥ ಹೊತ್ತಿನಲ್ಲೂ ಮೊಟ್ಟೆ ಕುಲುಕುವಂತಿಲ್ಲ. ಆಮೇಲೆ ಹೊಸ್ತಿಲಿಗೆ ಬಂದು ಬಾಗಿಲ ಚೌಕಟ್ಟು ಹಿಡಿದುಕೊಂಡಳು.

"ಕಣ್ಣು ಕೆಟ್ಟಿದೆಯಾ?"

"ನೋಡ್ತೀನಿ ಇರು." ತಂಗಿ ಲ್ಯಾಪ್‌ಟಾಪಿನ ಮೇಲೆ ಬಗ್ಗಿದಳು. ಬೆರಳು ಟಕಟಕ ಓಡಿದವು. "ಕಣ್ಣು ಸರಿಯಾಗೇ ಇದೆ. ಒಳಗೆ ಒಬ್ರು ಇದಾರೆ ಅಂತಲೇ ಹೇಳ್ತಿದೆ. ಇಷ್ಟು ಹೊತ್ತೂ ಅದನ್ನೇ ಹೇಳಿದೆ."

"ಮತ್ತೆ?"

ತಂಗಿ ಪ್ರೋಗ್ರಾಮ್ ತೆರೆದು ಒಂದು ಸಾಲಿನ ಮುಂದೆ ನಿಂತಳು. ಓದಿದಳು. ಮತ್ತೊಮ್ಮೆ ಓದಿದಳು. ಅವಳ ಕಿವಿ ಕೆಂಪಾಗುತ್ತಾ ಬಂದದ್ದು ಅಕ್ಕನಿಗೆ ಕಂಡಿತು. ಚಿಕ್ಕವಳಿದ್ದಾಗಲೂ ಹಾಗೇ, ಏನಾದರೂ ಒಡೆದು ಹಾಕಿದರೆ ಬಾಯಿಗಿಂತ ಮೊದಲು ಕಿವಿ ಒಪ್ಪಿಕೊಳ್ಳುತ್ತಿತ್ತು.

"ಅಕ್ಕಾ," ಎಂದಳು. "ತಪ್ಪು ನಂದು. ನಿಂಗೆ ಏನೂ ಆಗಿಲ್ಲ. ನಾನು ಬ್ರಾಕೆಟ್ ಹಾಕೋದು ಬಿಟ್ಟಿದೀನಿ."

ಅಕ್ಕನಿಗೆ ಆ ಮಾತಿನಲ್ಲಿ ಮಧ್ಯದ್ದೊಂದು ಮಾತ್ರ ಕೇಳಿಸಿತು. ಆದರೆ ಅಷ್ಟು ಸುಲಭಕ್ಕೆ ನಂಬಲಿಕ್ಕೆ ಅವಳಿಗೆ ಧೈರ್ಯವಿರಲಿಲ್ಲ. ಗಾಡಿ ಹಿಂದಕ್ಕೆಳೆದು, ಬಾಗಿಲು ಹಾಕಿ, ಹಿಡಿ ಎಳೆದು ನೋಡಿ, ತಂಗಿಯ ಪಕ್ಕದಲ್ಲಿ ಬಂದು ಕೂತಳು. "ನಂಗೆ ಅರ್ಥ ಆಗೋ ಹಾಗೆ ಹೇಳು. ಸಮಾಧಾನಕ್ಕೆ ಹೇಳಬೇಡ."

ತಂಗಿ ಆ ಸಾಲನ್ನು ಮನೆಮಾತಿಗೆ ತಿರುಗಿಸಿ ಓದಿ ಹೇಳಿದಳು. "ಬಾಗಿಲು ತೆರೆದಿದ್ದರೆ ಅಥವಾ ಕೋಣೆ ತಣ್ಣಗಾಗುತ್ತಿದ್ದರೆ ಮತ್ತು ಒಳಗೆ ಯಾರೂ ಇಲ್ಲದಿದ್ದರೆ, ಸಂದೇಶ ಕಳಿಸು. ಇದನ್ನ ನೀನು ಹೇಗೆ ಅರ್ಥ ಮಾಡ್ಕೋತೀಯ?"

"ಬಾಗಿಲು ತೆರೆದಿರ್ಲಿ, ತಣ್ಣಗಾಗಿರ್ಲಿ, ಎರಡರಲ್ಲಿ ಒಂದಾಗಿರ್ಬೇಕು. ಅದರ ಜೊತೆಗೆ ಒಳಗೆ ಯಾರೂ ಇರ್ಬಾರ್ದು. ಸರಿಯಾಗೇ ಇದೆಯಲ್ಲ."

"ನಾನೂ ಹಾಗಂತಲೇ ಬರೆದದ್ದು. ಆದ್ರೆ ಕಂಪ್ಯೂಟರ್ ಹಾಗೆ ಓದಲ್ಲ. ಎರಡು ಪ್ಲಸ್ ಮೂರು ಇಂಟು ನಾಲ್ಕು, ಎಷ್ಟು?"

"ಇಪ್ಪತ್ತು."

"ಹದಿನಾಲ್ಕು. ಗುಣಾಕಾರ ಮೊದಲು, ಕೂಡೋದು ಆಮೇಲೆ. ಎಲ್ಲಿ ಬರೆದಿದ್ರೂ ಅಷ್ಟೇ. ಶಾಲೇಲಿ ಹೇಳಿಕೊಟ್ಟಿದ್ರು."

"ಹೌದು, ಹೊಡೆದೂ ಇದ್ರು," ಎಂದಳು ಅಕ್ಕ.

"ಹಾಗೇ ಇಲ್ಲೂ ಒಂದು ಸರದಿ ಇದೆ. 'ಮತ್ತು' ಅನ್ನೋದು ಮೊದಲು, 'ಅಥವಾ' ಆಮೇಲೆ. 'ಮತ್ತು' ತನ್ನ ಎಡಗಡೆ ಬಲಗಡೆ ಇರೋ ಎರಡನ್ನ ಹಿಡಿದು ಗಂಟು ಹಾಕಿಬಿಡುತ್ತೆ. ಉಳಿದದ್ದು ಒಂಟಿ. ಈಗ ನೋಡು, ಟೀ ಅಥವಾ ಕಾಫಿ ಮತ್ತು ಬಿಸ್ಕೆಟ್ ತಗೊಂಡು ಬನ್ನಿ ಅಂತ ಭಾವನಿಗೆ ಹೇಳಿದ್ರೆ ಏನು ತರ್ತಾರೆ?"

"ನಿಮ್ಮ ಭಾವ ಏನೂ ತರಲ್ಲ. ಕೂತಲ್ಲಿಂದ ಏಳಲ್ಲ."

"ತರ್ತಾರೆ ಅನ್ಕೋ."

"ಟೀ ಆಗ್ಲಿ ಕಾಫಿ ಆಗ್ಲಿ, ಜೊತೆಗೆ ಬಿಸ್ಕೆಟ್."

"ಕಂಪ್ಯೂಟರ್ ಬರೀ ಟೀ ತಂದು ಮುಂದಿಟ್ಟು, ನಾನು ಹೇಳಿದ ಹಾಗೇ ಮಾಡಿದೀನಲ್ಲ ಅನ್ನುತ್ತೆ. ಅದರ ಪ್ರಕಾರ ಬಿಸ್ಕೆಟ್ ಅಂಟಿಕೊಂಡಿರೋದು ಕಾಫಿಗೆ ಮಾತ್ರ. ಇಲ್ಲೂ ಅದೇ ಆಗಿದೆ. ಒಳಗೆ ಯಾರೂ ಇಲ್ಲ ಅನ್ನೋದು ತಣ್ಣಗಾಗೋದಕ್ಕೆ ಮಾತ್ರ ಅಂಟಿಕೊಂಡಿದೆ. ಬಾಗಿಲು ಒಂಟಿ. ಅದು ಸ್ವಲ್ಪ ಹೊತ್ತು ತೆರೆದಿದ್ರೆ ಸಾಕು, ನೀನು ಒಳಗಿದೀಯೋ ಇಲ್ವೋ ಅಂತ ಪ್ರೋಗ್ರಾಮ್ ಕೇಳೋದೇ ಇಲ್ಲ. ಸೀದಾ ಸಂದೇಶ ಕಳಿಸುತ್ತೆ."

ಅಕ್ಕ ಹುಬ್ಬು ಗಂಟಿಕ್ಕಿ ಯೋಚಿಸಿದಳು. "ಕೇಳೋದೇ ಇಲ್ಲ ಅಂದ್ರೆ, ಒಳಗೆ ಯಾರೂ ಇಲ್ಲ ಅಂತ ಅದಕ್ಕೆ ಹೇಳಿದವರು ಯಾರು?"

"ನಾನೇ. ಅದು ಕಣ್ಣು ನೋಡಿ ಹೇಳಿದ ಮಾತಲ್ಲ ಅಕ್ಕಾ. ನಾನು ಮೊದಲೇ ಟೈಪ್ ಮಾಡಿಟ್ಟ ವಾಕ್ಯ. ಸಂದೇಶ ಹೋಗೋದೇ ಯಾರೂ ಇಲ್ಲದಾಗ ಅಂತ ಅನ್ಕೊಂಡು ಆ ಮಾತು ಸೇರಿಸಿದ್ದೆ."

"ಜೋಡಿಸಿದ ದಿನ ಎಲ್ಲ ನೋಡಿದ್ಯಲ್ಲೇ. ಬಾಗಿಲು ತೆಗಿ, ಹೊರಗೆ ಹೋಗು, ಒಳಗೆ ಬಾ ಅಂತ ನನ್ನ ಕುಣಿಸಿದ್ದೆ."

"ಬಾಗಿಲು ತೆರೆದು ಹೊರಗೆ ಹೋಗಿ ನೋಡಿದ್ವಿ. ತಣ್ಣಗೆ ಮಾಡಿ ಹೊರಗೆ ನಿಂತು ನೋಡಿದ್ವಿ, ಒಳಗೆ ನಿಂತೂ ನೋಡಿದ್ವಿ. ಬಾಗಿಲು ತೆರೆದಿಟ್ಟು ನೀನು ಒಳಗೆ ನಿಲ್ಲೋದೊಂದನ್ನ ನೋಡ್ಲೇ ಇಲ್ಲ. ಅಲ್ಲೇ ಇತ್ತು ತಪ್ಪು."

ಅಕ್ಕ ಒಂದೊಂದೇ ಸಂದೇಶವನ್ನು ಮನಸ್ಸಿಗೆ ತಂದುಕೊಂಡಳು. ಎಲ್ಲವೂ ಮೊಟ್ಟೆ ಸಾಗಿಸಿದ ದಿನಗಳು. ಎಲ್ಲ ಸಲವೂ ಗಾಡಿ ಹೊಸ್ತಿಲಲ್ಲಿತ್ತು. ಎಲ್ಲ ಸಲವೂ ಅವಳು ಒಳಗೇ ಇದ್ದಳು. ಇದ್ದೆ ಎಂದು ಅನಿಸಿದ್ದೆಲ್ಲ ನಿಜವೇ ಆಗಿತ್ತು. ಅವಳಿಂದ ಕಿತ್ತುಕೊಂಡು ಹೋಗಿದ್ದ ಆ ವಾರಗಳಷ್ಟನ್ನೂ ಯಾರೋ ವಾಪಸು ತಂದು ಕೈಗಿಟ್ಟ ಹಾಗಾಯಿತು. ಅವಳು ಉಸಿರೆಳೆದುಕೊಂಡಳು. ಅದು ಒಳಗೆ ಹೋಗುತ್ತಲೇ ಇತ್ತು, ಇಷ್ಟು ದಿನ ಅರ್ಧ ಉಸಿರೇ ಆಡುತ್ತಿದ್ದಳೇನೋ ಎಂಬಂತೆ.

ಅದರ ಬೆನ್ನಿಗೇ ಸಿಟ್ಟು ಬಂತು.

"ನನ್ನ ಜೀವ ಅರ್ಧ ಮಾಡಿದ್ಯಲ್ಲೇ. ನಿದ್ದೆ ಇಲ್ಲ, ಊಟ ಇಲ್ಲ. ಪಾತ್ರೆ ತೊಳೀತಾ ಹುಚ್ಚಿ ಹಾಗೆ ಮಗ್ಗಿ ಹೇಳ್ಕೊಂಡಿದೀನಿ."

"ಬೈಯಿ ಅಕ್ಕಾ. ಇದೇ ತಪ್ಪಿಗೆ ಹುಡುಗರ ಉತ್ತರಪತ್ರಿಕೇಲಿ ಕೆಂಪು ಗೆರೆ ಎಳೆದವಳು ನಾನು. ಅನುಮಾನ ಇದ್ರೆ ಬ್ರಾಕೆಟ್ ಹಾಕ್ರೋ, ಅನುಮಾನ ಇಲ್ದಿದ್ರೂ ಹಾಕ್ರೋ ಅಂತ ಗಂಟಲು ಹರ್ಕೋತೀನಿ ಕ್ಲಾಸಲ್ಲಿ." ತಂಗಿಯ ಕಣ್ಣಲ್ಲಿ ನೀರು ಬಂದಿತ್ತು. "ನನ್ನ ಪ್ರೋಗ್ರಾಮ್ ತಪ್ಪಿರಬಹುದು ಅಂತ ನಂಗೆ ಹೊಳೀಲೇ ಇಲ್ಲ. ನೀನೇ ತಪ್ಪಿರಬೇಕು ಅಂತ ಎಷ್ಟು ಬೇಗ ನಂಬಿದೆ ನೋಡು."

ಅಕ್ಕನ ಸಿಟ್ಟು ಬಂದಷ್ಟೇ ಬೇಗ ಇಳಿಯಿತು. "ನಾನೂ ನಂಬಿದ್ನಲ್ಲ. ನಮ್ಮಿಬ್ಬರ ಮನಸ್ಸೂ ಅಮ್ಮನ ಹತ್ರವೇ ಉಳಿದುಬಿಟ್ಟಿದೆ," ಎಂದು ತಂಗಿಯ ತಲೆ ಸವರಿದಳು. "ಮೊದಲು ಅದನ್ನ ಸರಿ ಮಾಡು. ಅಳೋದು ಆಮೇಲೆ."

ಸರಿ ಮಾಡಲು ಬ್ರಾಕೆಟ್ಟಿನ ಎರಡೇ ಗುರುತು ಸಾಕಾಯಿತು. 'ಬಾಗಿಲು' ಎನ್ನುವ ಮೊದಲು ಒಂದು, 'ತಣ್ಣಗಾಗುತ್ತಿದ್ದರೆ' ಎಂದಾದ ಮೇಲೆ ಒಂದು. ಬಾಗಿಲು, ತಂಪು ಎರಡನ್ನೂ ಒಂದೇ ತೊಟ್ಟಿಲಲ್ಲಿ ಹಾಕಿ ತೂಗಿದ ಹಾಗೆ ಕಂಡಿತು ಅಕ್ಕನಿಗೆ. ಇಷ್ಟು ಚಿಕ್ಕದೇ ಎಂದು ಅವಳು ಬಾಗಿ ನೋಡಿದಳು. ಕಣ್ಣು ಕಿರಿದು ಮಾಡದಿದ್ದರೆ ಕಾಣುತ್ತಲೂ ಇರಲಿಲ್ಲ.

ಆಮೇಲೆ ಪರೀಕ್ಷೆ ಶುರುವಾಯಿತು. ಈ ಸಲ ಒಂದನ್ನೂ ಬಿಡುವುದಿಲ್ಲ ಎಂದು ತಂಗಿ ಹಟ ಹಿಡಿದಳು. ಬಾಗಿಲು ತೆರೆದು ಒಳಗೆ ನಿಲ್ಲು. ತೆರೆದು ಹೊರಗೆ ಹೋಗು. ಮುಚ್ಚಿ ಒಳಗೆ ನಿಲ್ಲು. ಮುಚ್ಚಿ ಹೊರಗೆ ಬಾ. ಬಿಸಿ ಕಡ್ಡಿಯ ಮೇಲೆ ಒದ್ದೆ ಬಟ್ಟೆ ಹಾಕಿ ಅದೆಲ್ಲವನ್ನೂ ಮತ್ತೊಮ್ಮೆ ಮಾಡು. ಅಕ್ಕ ಒಳಗೆ ಹೊರಗೆ ಓಡಾಡಿದಳು. ಬಾಗಿಲು ತೆರೆದಿಟ್ಟು, ಗೋಡೆಯ ಕಣ್ಣಿಗೆ ಕಾಣುವ ಹಾಗೆ ಕೈ ಬೀಸುತ್ತಾ ನಿಂತಾಗ ಫೋನು ತುಟಿಪಿಟಕ್ ಎನ್ನಲಿಲ್ಲ. ಅವಳಿಗೆ ನಗು ಬಂತು. ತಂಗಿಗೂ ಬಂತು. ಗಂಡ ವ್ಯಾನಿನಿಂದಿಳಿದು ಒಳಗೆ ಬಂದಾಗ ಹೆಂಡತಿ ಕಾವು ಕೋಣೆಯಲ್ಲಿ ಗೋಡೆಗೆ ಕೈ ಬೀಸುತ್ತಿದ್ದಳು, ನಾದಿನಿ ಸ್ಟೂಲಿನ ಮೇಲೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

"ಏನು ನಡೀತಿದೆ ಇಲ್ಲಿ?"

ನಾದಿನಿ ಎಲ್ಲವನ್ನೂ ಹೇಳಿದಳು. ಟೀ, ಕಾಫಿ, ಬಿಸ್ಕೆಟ್ ಸಮೇತ ಹೇಳಿದಳು. ಅವನು ಮೊಟ್ಟೆಯ ಅಟ್ಟಿಗಳನ್ನು ಕೆಳಗಿಟ್ಟು, ಗೋಡೆ ಒರಗಿ, ಕೆಳಗೆ ಜಾರಿ ಕೂತುಬಿಟ್ಟ. ಸ್ವಲ್ಪ ಹೊತ್ತು ಮುಖದ ಮೇಲಿಂದ ಕೈ ತೆಗೆಯಲಿಲ್ಲ.

"ಹಾಗಾದ್ರೆ ಇವಳಿಗೆ ಏನೂ ಇಲ್ಲ," ಎಂದ.

"ನಿಮಗೂ ಗೊತ್ತಿತ್ತಾ?" ಅಕ್ಕ ಕೇಳಿದಳು.

"ಕಿಟಕಿ ಹತ್ರ ನಿನ್ನ ಫೋನಿನ ಪರದೆ ಕಾಣಲ್ವಾ? ಓದಿದ್ದೆ. ನಿನ್ನ ಕೇಳಿದ್ರೆ ಹೆದರ್ಕೋತೀಯ ಅಂತ ಸುಮ್ನಿದ್ದೆ. ನೀನು ಏನಾದ್ರೂ ಬಿಟ್ರೆ ನಾನೇ ಹಿಂದಿಂದ ಸರಿ ಮಾಡ್ತಿದ್ದೆ. ಹಾಲು ಫ್ರಿಜ್ಜಲ್ಲಿ ಇಡೋದು, ಹಿತ್ತಲ ಚಿಲಕ ಹಾಕೋದು."

ಅಕ್ಕ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಹಾಲು ಕಾಯಿಸೋಕೆ ಅಂತ ತೆಗೆದಿಟ್ರೆ ನೀವು ಒಳಗಿಡ್ತಿದ್ರಾ? ನಾನಲ್ಲಿ ನೋಡಿ, ಅಯ್ಯೋ ಇದನ್ನೂ ನಾನೇ ಮಾಡಿ ಮರೆತೆ ಅಂತ ಸಾಯ್ತಿದ್ದೆ."

"ಸಹಾಯ ಆಗ್ಲಿ ಅಂತ ಮಾಡಿದ್ದು ಕಣೇ."

"ಇಷ್ಟು ವರ್ಷದಲ್ಲಿ ಒಂದು ಲೋಟ ಎತ್ತಿಟ್ಟವರಲ್ಲ. ಎತ್ತಿಡೋಕೆ ಇದೇ ತಿಂಗಳು ಬೇಕಿತ್ತಾ ನಿಮಗೆ?"

ಅವನು ಪೆಚ್ಚಾಗಿ ನಕ್ಕ. ಆದರೆ ಎದ್ದು ಒಳಗೆ ಹೋದವನು ಆರಿದ ಟೀಯನ್ನು ಬಿಸಿಮಾಡಿ ಮೂರು ಲೋಟಕ್ಕೆ ಸುರಿದು ತಂದ. ಬಿಸ್ಕೆಟ್ಟನ್ನೂ ತಂದ. ಅಕ್ಕ ಅಂದು ಮಧ್ಯಾಹ್ನ ಊಟ ಮಾಡಿ ಮಲಗಿದವಳು ಸಂಜೆಯವರೆಗೆ ಏಳಲಿಲ್ಲ. ಕಾವು ಕೋಣೆಯನ್ನು ಅವರಿಬ್ಬರೇ ನೋಡಿಕೊಂಡರು.

ಡಾಕ್ಟರ ಹತ್ತಿರ ಹೋಗುವುದು ಬೇಡವೆಂದು ಅಕ್ಕ ಅಂದಳು. ತಂಗಿ ಬಿಡಲಿಲ್ಲ. "ಪ್ರೋಗ್ರಾಮ್ ತಪ್ಪು ಅಂತ ಗೊತ್ತಾಯ್ತು, ಅಷ್ಟೇ. ಭಯ ಪೂರ್ತಿ ಹೋಗ್ಬೇಕು ಅಂದ್ರೆ ಇದನ್ನೂ ನೋಡಿಬಿಡೋಣ. ಈ ಸಲ ನಾನು ಯಾವುದನ್ನೂ ಪರೀಕ್ಷೆ ಮಾಡದೆ ಬಿಡಲ್ಲ." ಹಾಗಾಗಿ ಗೊತ್ತುಮಾಡಿದ ದಿನ ಇಬ್ಬರೂ ಹೋದರು. ಡಾಕ್ಟರು ಹಿರಿಯ ಹೆಂಗಸು, ಅವಸರವಿಲ್ಲದವರು. ಹಿಂದಿನಿಂದ ಮುಂದಕ್ಕೆ ವಾರಗಳ ಹೆಸರು ಹೇಳಿಸಿದರು, ಗಡಿಯಾರ ಬರೆಸಿದರು, ಒಂದು ಕತೆ ಹೇಳಿ ಸ್ವಲ್ಪ ಹೊತ್ತು ಬಿಟ್ಟು ಅದನ್ನೇ ವಾಪಸು ಕೇಳಿದರು. ಅಕ್ಕ ಕತೆಯನ್ನು ಡಾಕ್ಟರಿಗಿಂತ ಚೆನ್ನಾಗಿ ಹೇಳಿದಳು.

"ನಿಮ್ಮ ನೆನಪು ನನ್ನದಕ್ಕಿಂತ ಚೆನ್ನಾಗಿದೆ," ಎಂದರು ಡಾಕ್ಟರು. "ಒಂದೊಂದು ಹೆಸರು ಮರೆಯೋದು ಎಲ್ಲರಿಗೂ ಇದ್ದದ್ದೇ. ಚೆನ್ನಾಗಿ ನಿದ್ದೆ ಮಾಡಿ. ಮತ್ತೆ ಅನುಮಾನ ಬಂದ್ರೆ ಬನ್ನಿ, ಸುಮ್ನೆ ಒಬ್ರೇ ಕೂತು ಕೊರಗಬೇಡಿ."

ಹೊರಗೆ ಬಂದು ಅಕ್ಕ ತಂಗಿ ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತರು. ತಂಗಿ ಚೀಲದಿಂದ ಕಿತ್ತಳೆ ಹಣ್ಣು ತೆಗೆದು ಸುಲಿದು, ತೊಳೆ ಬಿಡಿಸಿ ಅಕ್ಕನ ಕೈಗೆ ಕೊಡುತ್ತಾ ಹೋದಳು. ಎದುರಿನ ರಸ್ತೆಯಲ್ಲಿ ಜನ ತಮ್ಮ ತಮ್ಮ ಕೆಲಸದ ಮೇಲೆ ಓಡಾಡುತ್ತಿದ್ದರು. ಅಮ್ಮ ಹೋದ ಮೇಲೆ ಅವಳ ಮಾತು ಬಂದಾಗಲೆಲ್ಲ ಇಬ್ಬರಲ್ಲಿ ಒಬ್ಬರು ಎದ್ದು ಏನಾದರೂ ನೆಪ ಹುಡುಕುವುದು ರೂಢಿಯಾಗಿತ್ತು. ಈಗ ಯಾರೂ ಏಳಲಿಲ್ಲ.

"ಆ ಅಂಗಿ ಏನಾಯ್ತೇ ಕೊನೆಗೆ?" ತಂಗಿ ಕೇಳಿದಳು. "ಮೂರು ತೋಳಿನದು."

"ಅಂಗಿಯವನು ತಗೊಂಡು ಹೋದ. ಆ ತೋಳನ್ನ ಬಿಚ್ಚಿಸ್ಲೂ ಇಲ್ಲ. ಯಾವುದಾದ್ರೊಂದು ಹರಿದ್ರೆ ಇರ್ಲಿ ಬಿಡಿ ಅಂದ. ಅಮ್ಮ ಅವನಿಗೆ, ನೋಡಿದ್ಯಾ, ನಾನು ಮುಂದಿಂದೂ ಯೋಚನೆ ಮಾಡಿ ಹೊಲೀತೀನಿ ಅಂದ್ಲು."

ತಂಗಿಗೆ ಕಿತ್ತಳೆ ನೆತ್ತಿಗೇರಿತು. ಅಕ್ಕ ಬೆನ್ನು ತಟ್ಟಿದಳು, ತಟ್ಟುತ್ತಾ ತಾನೂ ನಕ್ಕಳು. ನಗುನಗುತ್ತಾ ಇಬ್ಬರಿಗೂ ಕಣ್ಣೀರು ಬಂತು, ಒರೆಸಿಕೊಳ್ಳಲು ಇಬ್ಬರೂ ಅವಸರ ಮಾಡಲಿಲ್ಲ. ತಂಗಿ ಹತ್ತಬೇಕಾದ ಬಸ್ಸು ಬಂದು ನಿಂತಿತು.

"ಇದು ಹೋಗ್ಲಿ," ಎಂದಳು ತಂಗಿ. "ಮುಂದಿನದಕ್ಕೆ ಹೋಗ್ತೀನಿ. ಇನ್ನೊಂದು ಹೇಳು ಅಮ್ಮಂದು."